ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಕೋಚ್ ಆಗಿಯೇ ರಿಟೈರ್ ಆದ್ರೆ ಕೆರಿಯರ್ ಅರ್ಧಕ್ಕೇ ನಿಂತ ಹಾಗಾ?

ಖಂಡಿತ ಅಲ್ಲ. ಹೆಡ್ ಕೋಚ್ ಆದವರು ಮಾತ್ರ ಗೆದ್ದವರು, ಡಿಫೆನ್ಸಿವ್ ಕೋಆರ್ಡಿನೇಟರ್ (ಹೆಡ್ ಕೋಚ್ ಕೈಕೆಳಗೆ ಡಿಫೆನ್ಸ್ ಪೂರ್ತಿ ನೋಡ್ಕೊಳ್ಳೋ ಕೋಚ್) ಆಗೇ ಉಳಿದವರಿಗೆ ಮೇಲೆ ಹತ್ತೋಕೆ ಆಗ್ಲಿಲ್ಲ ಅನ್ನೋ ಲೆಕ್ಕದಲ್ಲಿ ಕೇಳಿದ್ದೀರಿ, ಆ ಲೆಕ್ಕವನ್ನೇ ನಾನು ಒಪ್ಪಲ್ಲ. ನಾನು ವರ್ಜೀನಿಯಾ ಟೆಕ್‌ನಲ್ಲಿ ಮಾಸ್ಟರ್ಸ್ ಮಾಡುವಾಗ ಈ ಆಟದ ಹುಚ್ಚು ಹಿಡಿಸಿಕೊಂಡಿದ್ದೇ ಅಲ್ಲಿನ ಡಿಫೆನ್ಸಿವ್ ಕೋಆರ್ಡಿನೇಟರ್ ಬಡ್ ಫಾಸ್ಟರ್ ಅವರ ಡಿಫೆನ್ಸ್ ನೋಡಿ, ಅದಕ್ಕೆ ಅವರನ್ನೇ ಇಟ್ಕೊಂಡು ಹೇಳ್ತೀನಿ.

ಮೊದಲು ದಾರಿ ಹೇಗಿರುತ್ತೆ ಅಂತ. ಫಾಸ್ಟರ್ ಮರ್ರೆ ಸ್ಟೇಟ್ ಅನ್ನೋ ಸಣ್ಣ ಕಾಲೇಜಲ್ಲಿ ಲೈನ್‌ಬ್ಯಾಕರ್ (ಡಿಫೆನ್ಸಿನ ಎರಡನೇ ಸಾಲಿನ ಆಟಗಾರ) ಆಗಿ ಆಡಿದವರು, ಆಟ ಮುಗಿದ ಮೇಲೆ 1981ರಲ್ಲಿ ಅಲ್ಲೇ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆದ್ರು. ಆ ಕೆಲಸ ಅಂದ್ರೆ ದುಡ್ಡು ಕಮ್ಮಿ, ದುಡಿಮೆ ಜಾಸ್ತಿ, ಎದುರಾಳಿ ಟೀಮಿನ ಟೇಪ್ ಹಾಕ್ಕೊಂಡು ಕೂತು ಯಾವ ಡೌನಲ್ಲಿ (ಹತ್ತು ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಪ್ರಯತ್ನಗಳಲ್ಲಿ ಒಂದೊಂದೂ ಒಂದು ಡೌನ್), ಎಷ್ಟು ಯಾರ್ಡ್ ಬಾಕಿ ಇದ್ದಾಗ ಏನು ಆಡ್ತಾರೆ ಅಂತ ಒಂದೊಂದೇ ಬರ್ಕೊಳ್ಳೋದು. ಅಲ್ಲಿನ ಹೆಡ್ ಕೋಚ್ ಫ್ರಾಂಕ್ ಬೀಮರ್ 1987ರಲ್ಲಿ ವರ್ಜೀನಿಯಾ ಟೆಕ್‌ಗೆ ಬಂದಾಗ ಇವರನ್ನೂ ಕರ್ಕೊಂಡು ಬಂದ್ರು. ಶುರುವಿನ ವರ್ಷಗಳು ತುಂಬ ಕೆಟ್ಟದಾಗಿದ್ವು, 1992ರಲ್ಲಂತೂ 11 ಮ್ಯಾಚಲ್ಲಿ ಗೆದ್ದಿದ್ದು ಎರಡೇ. ಈಗಿನ ಕಾಲ ಆಗಿದ್ರೆ ಇಡೀ ಸ್ಟಾಫನ್ನೇ ಮನೆಗೆ ಕಳಿಸ್ತಿದ್ರು, ಆದ್ರೆ ಕಾಲೇಜು ಬೀಮರ್‌ಗೆ ಟೈಮ್ ಕೊಡ್ತು, ಮರುವರ್ಷದಿಂದ ಶುರುವಾದ ಬೌಲ್ ಗೇಮ್‌ಗಳ (ಚೆನ್ನಾಗಿ ಆಡಿದ ಟೀಮ್‌ಗಳಿಗೆ ಸೀಸನ್ ಕೊನೆಗೆ ಸಿಗೋ ವಿಶೇಷ ಮ್ಯಾಚ್) ಸಾಲು 2019ರವರೆಗೆ ಒಂದು ವರ್ಷವೂ ತಪ್ಪಲಿಲ್ಲ.

1995ರಲ್ಲಿ ಫಾಸ್ಟರ್ ಮತ್ತು ಇನ್ನೊಬ್ಬ ಕೋಚ್ ಸೇರಿ ಡಿಫೆನ್ಸ್ ವಹಿಸ್ಕೊಂಡ್ರು, ಮುಂದಿನ ವರ್ಷದಿಂದ ಅದು ಇವರೊಬ್ಬರದ್ದೇ. ಇವರ ಪದ್ಧತಿ ಏನಂದ್ರೆ ಎಂಟು ಜನರನ್ನ ಬಾಲ್ ಹತ್ರಾನೇ ನಿಲ್ಲಿಸಿ, ಎದುರಾಳಿ ಬಾಲ್ ಹಿಡ್ಕೊಂಡು ಓಡೋದನ್ನ ಮೊದಲು ತಡೆಯೋದು, ಕಬಡ್ಡಿಯಲ್ಲಿ ರೈಡರ್ ಒಳಗೆ ಬರ್ತಿದ್ದಂಗೆ ಚೈನ್ ಹಿಡಿದವರು ಎರಡೂ ಕಡೆಯಿಂದ ಮುಚ್ಕೊಳ್ತಾರಲ್ಲ ಆ ಥರ. ಆದ್ರೆ ಅದಕ್ಕೆ ಬೆಲೆ ಕೊಡಬೇಕಾಗುತ್ತೆ, ಎಂಟು ಜನ ಮುಂದೆ ಬಂದ್ರೆ ಹಿಂದೆ ಅಂಚುಗಳನ್ನ ಕಾಯೋ ಕಾರ್ನರ್‌ಬ್ಯಾಕ್‌ಗಳು ಒಬ್ಬೊಬ್ಬರೇ ತಮ್ಮ ತಮ್ಮ ರಿಸೀವರ್‌ನ (ಎಸೆದ ಬಾಲ್ ಹಿಡಿಯೋ ಎದುರಾಳಿ) ನೋಡ್ಕೋಬೇಕು, ಒಂದು ಹೆಜ್ಜೆ ತಪ್ಪಿದ್ರೆ ಟಚ್‌ಡೌನ್. ಹಾಗಾಗಿ ಅಂಥ ಹುಡುಗರನ್ನ ಹುಡುಕಿ ತಯಾರು ಮಾಡೋದೇ ಅರ್ಧ ಕೆಲಸ. ಡಿಆಂಜೆಲೊ ಹಾಲ್, ಬ್ರ್ಯಾಂಡನ್ ಫ್ಲವರ್ಸ್, ಕೈಲ್ ಫುಲ್ಲರ್, ಕೆಂಡಲ್ ಫುಲ್ಲರ್ ಎಲ್ಲ ಅಲ್ಲಿಂದ ಪ್ರೊಫೆಷನಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದ ಕಾರ್ನರ್‌ಗಳು. ಹೈಸ್ಕೂಲಲ್ಲಿ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ಆಗಿದ್ದ ಕ್ಯಾಮ್ ಚಾನ್ಸಲರ್ ಅಲ್ಲಿ ಸೇಫ್ಟಿ (ಎಲ್ಲರಿಗಿಂತ ಹಿಂದೆ ಕಾಯೋನು) ಆಡಿ ಮುಂದೆ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದರು. 2005, 2006 ಎರಡೂ ವರ್ಷ ಅತಿ ಕಮ್ಮಿ ಯಾರ್ಡ್ ಬಿಟ್ಟುಕೊಟ್ಟ ಡಿಫೆನ್ಸ್ ಇಡೀ ದೇಶದಲ್ಲಿ ಇವರದ್ದೇ, 2006ರಲ್ಲಿ ಅತ್ಯುತ್ತಮ ಅಸಿಸ್ಟೆಂಟ್ ಕೋಚ್‌ಗೆ ಕೊಡೋ ಬ್ರಾಯ್ಲ್ಸ್ ಅವಾರ್ಡೂ ಬಂತು.

ಇನ್ನು ಫಾಸ್ಟರ್ ಡಿಫೆನ್ಸಿನ ಊಟದ ಡಬ್ಬಿ ಬಗ್ಗೆ ಹೇಳ್ಲೇಬೇಕು. ಕಲ್ಲಿದ್ದಲು ಗಣಿ ಕೆಲಸದವರು ಒಯ್ಯೋ ಥರದ ಹಳೇ ತಗಡಿನ ಡಬ್ಬಿ, 1995ರಿಂದ ಅದು ಡಿಫೆನ್ಸಿನ ಗುರುತು, ಸೀಸನ್ನಿಗೆ ಏನೇನು ಗುರಿ ಅಂತ ಬರೆದು ಅದರೊಳಗೆ ಇಡ್ತಿದ್ರು, ಚೆನ್ನಾಗಿ ದುಡಿದ ಆಟಗಾರನ ಕೈಗೆ ಅದನ್ನ ಹೊರೋ ಅವಕಾಶ. ವರ್ಜೀನಿಯಾ ಟೆಕ್ ಇರೋ ಬ್ಲ್ಯಾಕ್ಸ್‌ಬರ್ಗ್ ಬೆಟ್ಟಗಳ ಮಧ್ಯದ ಊರು, ಸುತ್ತಮುತ್ತಲ ಅಪಲೇಚಿಯನ್ ಸೀಮೆ ಗಣಿ ದುಡಿಮೆ ಕಂಡ ಸೀಮೆ, ಅದಕ್ಕೇ ಜನ ಅದನ್ನ ಅಷ್ಟು ಹಚ್ಚಿಕೊಂಡಿದ್ದು. ಬೇರೆ ಊರಲ್ಲಿ ಇದೇ ಡಬ್ಬಿ ಇಟ್ಟಿದ್ರೆ ಒಂದು ಸೀಸನ್ ಕೂಡ ಬಾಳ್ತಿರಲಿಲ್ಲ ಅಂತ ನನ್ನ ನಂಬಿಕೆ.

ಬುದ್ಧಿ ನೋಡ್ಬೇಕು ಅಂದ್ರೆ 2014ರ ಸೆಪ್ಟೆಂಬರ್‌ನ ಓಹಾಯೊ ಸ್ಟೇಟ್ ಮ್ಯಾಚ್. ಓಹಾಯೊ ಸ್ಟೇಟ್‌ನ ಊರು ಕೊಲಂಬಸ್‌ನಲ್ಲಿ ಲಕ್ಷಕ್ಕೂ ಮೀರಿ ಜನ, ಎದುರಿಗೆ ಹೊಸ ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್, ಅವನಿಗೆ ಅದು ಎರಡನೇ ಸ್ಟಾರ್ಟ್ ಅಷ್ಟೇ. ಫಾಸ್ಟರ್ ಬೇರ್ ಫ್ರಂಟ್ ಹಾಕಿದ್ರು, ಅಂದ್ರೆ ಎದುರಾಳಿ ಲೈನಿನ ಮಧ್ಯದ ಸೆಂಟರ್, ಅವನ ಅಕ್ಕಪಕ್ಕದ ಎರಡೂ ಗಾರ್ಡ್, ಈ ಮೂವರ ಮುಖಕ್ಕೆ ನೇರವಾಗಿ ಒಬ್ಬೊಬ್ಬ ದೊಡ್ಡವನು, ಹಿಂದೆ ಆಳದಲ್ಲಿ ಕಾಯೋಕೆ ಯಾರೂ ಇಲ್ಲ, ತಾಕತ್ತಿದ್ರೆ ಎಸೆದು ತೋರಿಸು ಅನ್ನೋ ಲೆಕ್ಕ. ಏಳು ಸ್ಯಾಕ್ (ಎಸೆಯೋಕೆ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು), ಮೂರು ಇಂಟರ್‌ಸೆಪ್ಷನ್ (ಎಸೆದ ಬಾಲನ್ನ ಡಿಫೆನ್ಸಿನವರೇ ಹಿಡಿಯೋದು), ವರ್ಜೀನಿಯಾ ಟೆಕ್ 35-21ರಲ್ಲಿ ಗೆದ್ದಿತು. ಆ ವರ್ಷ ಓಹಾಯೊ ಸ್ಟೇಟ್ ಸೋತಿದ್ದು ಅದೊಂದೇ ಮ್ಯಾಚ್, ಕೊನೆಗೆ ನ್ಯಾಷನಲ್ ಚಾಂಪಿಯನ್ ಆಗಿದ್ದೂ ಅವರೇ.

2015ರ ಕೊನೆಗೆ ಬೀಮರ್ ರಿಟೈರ್ ಆದ್ರು. ಹೆಡ್ ಕೋಚ್ ಬದಲಾದ್ರೆ ಹಳೇ ಸ್ಟಾಫ್ ಗಂಟುಮೂಟೆ ಕಟ್ಟೋದು ಅಲ್ಲಿ ಮಾಮೂಲು, ತಪ್ಪು ಮಾಡಿರಬೇಕು ಅಂತೇನಿಲ್ಲ, ಮಕ್ಕಳ ಸ್ಕೂಲ್, ಮನೆ ಸಾಲ ಎಲ್ಲ ಬಿಟ್ಟು ಬೇರೆ ರಾಜ್ಯಕ್ಕೆ ಹೊರಡಬೇಕು, ಈ ಕೆರಿಯರಲ್ಲಿ ನನಗೆ ನಿಜವಾಗ್ಲೂ ಕಷ್ಟ ಅನಿಸೋದು ಇದೇ. ಆದ್ರೆ ಹೊಸದಾಗಿ ಬಂದ ಜಸ್ಟಿನ್ ಫ್ಯುಯೆಂಟೆ ಫಾಸ್ಟರ್‌ನ ಉಳಿಸ್ಕೊಂಡ್ರು. 2019 ಕೊನೇ ಸೀಸನ್ ಅಂತ ಅವರೇ ಹೇಳಿದ್ಮೇಲೆ ನವೆಂಬರ್‌ನಲ್ಲಿ ಜಾರ್ಜಿಯಾ ಟೆಕ್ ಮೇಲೆ 45-0, ಮರುವಾರ ಅವರ ಕೊನೇ ಹೋಮ್ ಗೇಮಲ್ಲಿ ಪಿಟ್ (ಪಿಟ್ಸ್‌ಬರ್ಗ್ ಯೂನಿವರ್ಸಿಟಿ) ಮೇಲೆ 28-0. ಎದುರಾಳಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಒಬ್ಬ ಡಿಫೆನ್ಸ್ ಕೋಚ್‌ಗೆ ಆ ಹುಡುಗರು ಕೊಡಬಹುದಾಗಿದ್ದ ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ಲ.

ಹೆಡ್ ಕೋಚ್ ಆದವರ ಕಡೆಯಿಂದಲೂ ನೋಡಿ. ಬ್ರೆಂಟ್ ವೆನಬಲ್ಸ್ ಕ್ಲೆಮ್ಸನ್‌ನಲ್ಲಿ ಕೋಆರ್ಡಿನೇಟರ್ ಆಗಿ ಎರಡು ನ್ಯಾಷನಲ್ ಟೈಟಲ್ ಗೆದ್ದು, 2021ರ ಡಿಸೆಂಬರಲ್ಲಿ ಓಕ್ಲಹೋಮಾ ಹೆಡ್ ಕೋಚ್ ಆದ್ರು. 2022ರಲ್ಲಿ 6 ಗೆಲುವು, 7 ಸೋಲು, 2024ರಲ್ಲಿ ಮತ್ತೆ ಅದೇ. ಆಮೇಲೆ 2025ಕ್ಕೆ ಡಿಫೆನ್ಸ್ ಕಾಲ್ ಮಾಡೋ, ಅಂದ್ರೆ ಪ್ರತಿ ಸಲ ಡಿಫೆನ್ಸ್ ಏನು ಆಡಬೇಕು ಅಂತ ಹೇಳೋ ಕೆಲಸನ ತಾವೇ ವಾಪಸ್ ತಗೊಂಡ್ರು, ಟೀಮ್ ನ್ಯಾಷನಲ್ ಟೈಟಲ್‌ನ ನಿರ್ಧರಿಸೋ ಪ್ಲೇಆಫ್‌ಗೆ ಹೋಯ್ತು. ಹೆಡ್ ಕೋಚ್ ದಿನ ದುಡ್ಡು ಕೊಡೋರು, ಪ್ರೆಸ್, ರಿಕ್ರೂಟಿಂಗ್ ಅಂತಲೇ ಮುಗಿಯುತ್ತೆ, ಟೇಪ್ ಮುಂದೆ ಕೂರೋಕೆ ಟೈಮ್ ಉಳಿಯೋದು ಕಷ್ಟ. ಆ ಟೇಪ್ ಮುಂದಿನ ಕೆಲಸಾನೇ ಇಷ್ಟಪಟ್ಟು ಅದರಲ್ಲೇ ಇಪ್ಪತ್ತೈದು ಸೀಸನ್ ತೇದವರನ್ನ ಅರ್ಧಕ್ಕೇ ನಿಂತವರು ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

2014ರ ಮ್ಯಾಚಿನ ವಿಡಿಯೋ ಸಿಕ್ಕಿದ್ರೆ ನೋಡಿ, ಬಾಲ್ ಎತ್ತೋಕೆ ಮುಂಚೆ ಡಿಫೆನ್ಸಿನವರು ಎಲ್ಲಿ ನಿಂತಿದ್ದಾರೆ, ಓಹಾಯೊ ಸ್ಟೇಟ್ ಲೈನಿನವರು ಯಾರನ್ನ ತಡೀಬೇಕು ಅಂತ ಹೇಗೆ ಒಬ್ಬರ ಮುಖ ಒಬ್ಬರು ನೋಡ್ತಾರೆ ಅನ್ನೋದನ್ನ ಗಮನಿಸಿ, ಡೌಟ್ ಬಂದ್ರೆ ಕಾಮೆಂಟಲ್ಲಿ ಕೇಳಿ, ಹೇಳ್ತೀನಿ.