ಹೊಸ ಪನಿಗಾಲೆ ವಿ4: ಆರ್ಮ್ ಗಲಾಟೆ ಪಕ್ಕಕ್ಕಿಟ್ಟು ಗಾಡಿ ಬದಲಾಯಿಸೋ ವಿಷ್ಯ ಮಾತಾಡೋಣ

ಮೇಲಿಂದ ಕೆಳಗಿನವರೆಗೂ ಎಲ್ಲಾ ಕಾಮೆಂಟ್ ಓದ್ಕೊಂಡು ಬಂದೆ. ಪೋಸ್ಟ್ ಹಾಕಿದ ಬ್ರೋ ಕೇಳಿದ್ದು ಇಷ್ಟೇ, ನನ್ ಹತ್ರ ಡುಕಾಟಿ ಸೂಪರ್‌ಬೈಕ್ 2022ರ ಪನಿಗಾಲೆ ವಿ4 ಎಸ್ ಇದೆ, ಓಡ್ಸೋದು ಹೆಚ್ಚಾಗಿ ರೋಡಲ್ಲಿ, ಆಗಾಗ ಟ್ರ್ಯಾಕ್ ಡೇ ಅಂತ ರೇಸ್ ಟ್ರ್ಯಾಕಲ್ಲಿ, 2025ರ ಹೊಸ ಮಾಡೆಲ್‌ಗೆ ಹೋಗ್ಲಾ ಬೇಡ್ವಾ ಅಂತ. ಅದಕ್ಕೆ ಸರಿಯಾಗಿ ಉತ್ತರ ಕೊಟ್ಟೋರು ಬೆರಳೆಣಿಕೆ ಜನ. ಹಿಂದಿನ ವೀಲನ್ನ ಹಿಡಿದಿರೋ ಸ್ವಿಂಗ್‌ಆರ್ಮ್ ಹಳೇದ್ರಲ್ಲಿ ಒಂದೇ ಕಡೆ ಇತ್ತು, ಹೊಸದ್ರಲ್ಲಿ ಎರಡೂ ಕಡೆ ಬಂದಿದೆ; ಮಿಕ್ಕೋರಲ್ಲಿ ಅರ್ಧ ಜನ ಸಿಂಗಲ್ ಸೈಡೆಡ್ ಸ್ವಿಂಗ್‌ಆರ್ಮ್ ಹೋಯ್ತಲ್ಲಪ್ಪಾ ಅಂತ ಎದೆ ಬಡ್ಕೊಳ್ತಿದಾರೆ, ಇನ್ನರ್ಧ ಜನ ಅವ್ರಿಗೆ ನೀವೆಲ್ಲ ಫೋಟೋ ತೆಗ್ಸೋಕೆ ಬೈಕ್ ಇಟ್ಕೊಂಡಿರೋರು ಅಂತ ಬೈತಿದಾರೆ. ಬ್ರೋ ಪ್ರಶ್ನೆ ಮಾತ್ರ ಅಲ್ಲೇ ನಿಂತಿದೆ.

ಆರ್ಮ್ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ, ಇಲ್ಲಾಂದ್ರೆ ಇಲ್ಲಿ ಯಾರೂ ಮುಂದಕ್ಕೆ ಹೋಗಲ್ಲ. ಬೇಜಾರಾಗೋದ್ರಲ್ಲಿ ತಪ್ಪೇನಿಲ್ಲ. 1993ರಲ್ಲಿ ಮಾಸ್ಸಿಮೊ ತಾಂಬುರಿನಿ ಡಿಸೈನ್ ಮಾಡಿದ 916 ಬಂದಾಗಿಂದ ಡುಕಾಟಿ ಸೂಪರ್‌ಬೈಕ್ ಅಂದ್ರೆ ಬಲಗಡೆಯಿಂದ ಪೂರ್ತಿ ಕಾಣೋ ಹಿಂದಿನ ವೀಲ್ ಅಂತ ನಮ್ ತಲೇಲಿ ಕೂತ್ಬಿಟ್ಟಿದೆ. 2003ರ 999ರಲ್ಲಿ ಅದನ್ನ ತೆಗೆದು ಎರಡು ಕೈ ಹಾಕಿದ್ರು, ಹೆಡ್‌ಲೈಟ್ ಒಂದರ ಮೇಲೊಂದು ಜೋಡಿಸಿದ್ರು, ಜನ ಹೋದಲ್ಲೆಲ್ಲಾ ಉಗಿದ್ರು. ಮಜಾ ಏನಂದ್ರೆ ಅದೇ 999 ವರ್ಲ್ಡ್ ಸೂಪರ್‌ಬೈಕ್ ರೇಸ್ ಸರಣಿಯಲ್ಲಿ 2003, 2004, 2006 ಮೂರು ಸಲ ಚಾಂಪಿಯನ್ ಆಯ್ತು, ಹಾಜ್‌ಸನ್, ಟೋಸ್ಲ್ಯಾಂಡ್, ಬೇಲಿಸ್ ಮೂರೂ ಜನ ಅದ್ರಲ್ಲೇ ಗೆದ್ರು. ಆದ್ರೂ 2007ರಲ್ಲಿ 1098 ತರೋವಾಗ ಕಂಪನಿ ಸದ್ದಿಲ್ದೆ ಸಿಂಗಲ್ ಆರ್ಮ್ ವಾಪಸ್ ಹಾಕ್ತು. ಅಂದ್ರೆ ಈ ಜಗಳ ಹೊಸದಲ್ಲ, ಹಿಂದಿನ ಸಲ ಗಿರಾಕಿಗಳೇ ಗೆದ್ದಿದ್ದು. ಈ ಸಲ ಮಾತ್ರ ಕಂಪನಿ ಹಿಂದಕ್ಕೆ ಹೋಗುತ್ತೆ ಅಂತ ನನಗನ್ಸಲ್ಲ, ಯಾಕಂತ ಹೇಳ್ತೀನಿ.

ಬೈಕ್ ನೆಟ್ಟಗೆ ಹೋಗೋವಾಗ ರೋಡಿನ ಗುದ್ದು ಕೆಳಗಿಂದ ಮೇಲಕ್ಕೆ ಬರುತ್ತೆ, ಸಸ್ಪೆನ್ಷನ್ ಅದೇ ದಿಕ್ಕಲ್ಲಿ ಆಡುತ್ತೆ, ಪ್ರಾಬ್ಲಮ್ ಇಲ್ಲ. ಅದೇ ಬೈಕು ಕಾರ್ನರ್‌ನಲ್ಲಿ 60 ಡಿಗ್ರಿ ಮಲಗಿದಾಗ ಆ ಗುದ್ದಲ್ಲಿ ಅರ್ಧ ಪಾಲು ಮಾತ್ರ ಸಸ್ಪೆನ್ಷನ್ ಆಡೋ ದಿಕ್ಕಿಗೆ ಸಿಗೋದು, ದೊಡ್ಡ ಪಾಲು ಬೈಕಿಗೆ ಅಡ್ಡಡ್ಡ ಹೊಡೆಯುತ್ತೆ. ಅಡ್ಡಕ್ಕೆ ಆಡೋಕೆ ಸ್ಪ್ರಿಂಗ್ ಇಲ್ಲ, ಇರೋದು ಫ್ರೇಮು, ಸ್ವಿಂಗ್‌ಆರ್ಮು, ಟೈರು ಅಷ್ಟೇ. ಇವು ಸ್ವಲ್ಪ ಬಳುಕಿದ್ರೆ ಟೈರು ರೋಡನ್ನ ಹಿಡ್ಕೊಂಡಿರುತ್ತೆ, ಬಳುಕದೇ ಗಟ್ಟಿಯಾಗಿ ನಿಂತ್ರೆ ಟೈರು ಎಗರಾಡುತ್ತೆ, ಓಡ್ಸೋನಿಗೆ ಕೈಯಲ್ಲಿ ಟಕಟಕ ಅಂತ ಗೊತ್ತಾಗುತ್ತೆ. ಸಿಂಗಲ್ ಆರ್ಮ್ ಒಂದೇ ಕಡೆಯಿಂದ ವೀಲನ್ನ ಹಿಡಿಬೇಕು, ಹಾಗಾಗಿ ತಿರುಚಿಕೊಳ್ಳದೇ ಇರ್ಲಿ ಅಂತ ಅದನ್ನ ದಪ್ಪ ಮಾಡ್ಲೇಬೇಕು, ದಪ್ಪ ಮಾಡಿದ್ರೆ ತೂಕ ಜಾಸ್ತಿ, ಅಡ್ಡಕ್ಕೆ ಬಳುಕೋದು ಕಮ್ಮಿ. ಎರಡು ಕೈ ಇದ್ರೆ ತಿರುಚೋದನ್ನ ತಡೆದೂ ಅಡ್ಡಕ್ಕೆ ಎಷ್ಟು ಬೇಕೋ ಅಷ್ಟು ಬಳುಕಿಸ್ಬಹುದು. ಹೊಸ ಆರ್ಮ್‌ನಲ್ಲಿ ಅಡ್ಡಕ್ಕಿರೋ ಗಡಸುತನ ಹಳೇದಕ್ಕಿಂತ 37% ಕಮ್ಮಿ, ಮುಂದಿನ ಫ್ರೇಮ್‌ನಲ್ಲಿ 40% ಕಮ್ಮಿ, ರಿಮ್ಮೂ ಸೇರಿ 2.7 ಕೆಜಿ ಇಳಿದಿದೆ, ಇವು ಡುಕಾಟಿನೇ ಕೊಟ್ಟಿರೋ ಲೆಕ್ಕ. ಹಿಂದಿನ ವೀಲ್ ಕಡೆ ಕಮ್ಮಿಯಾಗೋ ತೂಕ ಅಂದ್ರೆ ಸಸ್ಪೆನ್ಷನ್ ಎತ್ತಿ ಇಳಿಸ್ಬೇಕಾದ ತೂಕ, ಟ್ಯಾಂಕಲ್ಲಿ ಕಮ್ಮಿಯಾದ 2.7 ಕೆಜಿಗೂ ಇದಕ್ಕೂ ಅಜಗಜಾಂತರ. ಡುಕಾಟಿಯ ಮೋಟೋಜಿಪಿ ರೇಸ್ ಬೈಕ್ ಡೆಸ್ಮೊಸೆಡಿಚಿಗೆ ಮೊದ್ಲಿಂದ್ಲೂ ಎರಡು ಕೈನೇ ಇರೋದು ಸುಮ್ನೆ ಅಲ್ಲ.

ಹಾಗಂತ ಇನ್ನೊಂದು ಗುಂಪು ಸಿಂಗಲ್ ಆರ್ಮ್ ಬರೀ ಶೋಕಿ, ಅದ್ರಲ್ಲಿ ಯಾರೂ ಗೆಲ್ಲಲ್ಲ ಅಂತ ಬರೀತಿರೋದೂ ಸುಳ್ಳೇ. ಅಲ್ವಾರೊ ಬೌಟಿಸ್ಟಾ 2022, 2023 ಎರಡು ವರ್ಷ ವರ್ಲ್ಡ್ ಸೂಪರ್‌ಬೈಕ್ ಗೆದ್ದಿದ್ದು ಸಿಂಗಲ್ ಆರ್ಮ್ ಇರೋ ವಿ4 ಆರ್‌ನಲ್ಲೇ, ಅದು ಪನಿಗಾಲೆಯ ರೇಸ್ ಮಾಡೆಲ್. ಆ ಆರ್ಮ್ ಹುಟ್ಟಿದ್ದೂ ಶೋಕಿಗಲ್ಲ, ಹೋಂಡಾ 1987ರ ಆರ್‌ಸಿ30 ಬೈಕಿಗೆ ಅದನ್ನ ಹಾಕಿದ್ದು ಗಂಟೆಗಟ್ಟಲೆ ನಡೆಯೋ ಎಂಡ್ಯೂರೆನ್ಸ್ ರೇಸಲ್ಲಿ ಹಿಂದಿನ ವೀಲ್ ಬೇಗ ಬದಲಾಯಿಸೋಕೆ. ನಮ್ ನಿಮ್ಮಂಥೋರು ಹಳೇ ಗಾಡೀಲಿ ನಿಧಾನ ಇದ್ರೆ ಅದಕ್ಕೆ ಆರ್ಮ್ ಕಾರಣ ಅಲ್ಲ ಬಿಡಿ.

ಈಗ ಬ್ರೋ ವಿಷ್ಯಕ್ಕೆ. ನಿಮ್ ಓಟದಲ್ಲಿ ಹೆಚ್ಚಿನ ಪಾಲು ರೋಡು ಅಂದ್ರಿ. ರೋಡಲ್ಲಿ ನೀವು 60 ಡಿಗ್ರಿ ಮಲಗಿಸಲ್ಲ, ಮಲಗಿಸ್ಲೂಬಾರ್ದು, ಹಾಗಾಗಿ ಈ ಬದಲಾವಣೆಯ ಮುಖ್ಯ ಲಾಭ ನಿಮಗೆ ದಿನನಿತ್ಯ ಸಿಗಲ್ಲ. ಪವರ್ ನೋಡಿದ್ರೆ 215.5 ಇದ್ದಿದ್ದು 216 ಎಚ್‌ಪಿ ಆಗಿದೆ, ಅದನ್ನ ಮರ್ತುಬಿಡಿ. ಬ್ರೋಷರ್‌ನಲ್ಲಿ ಯಾರೂ ಬೆರಳಿಟ್ಟು ನೋಡದ ಸಾಲು ಟಾರ್ಕ್‌ದು, ಅಂದ್ರೆ ಇಂಜಿನ್ ತಿರುಗಿಸೋ ಬಲದ್ದು: ನಿಮ್ 2022ರದ್ದು 9,500 ಆರ್‌ಪಿಎಂಗೆ 123.6 ಎನ್‌ಎಂ ಕೊಡುತ್ತೆ, ಹೊಸದು 11,250ಕ್ಕೆ 120.9. ಅಂದ್ರೆ ತುದಿ ಸ್ವಲ್ಪ ತಗ್ಗಿದೆ, ಅದೂ ಇನ್ನೂ ಮೇಲಕ್ಕೆ ಸರ್ದಿದೆ. ಟ್ರ್ಯಾಕಲ್ಲಿ ಇಂಜಿನ್ ಯಾವಾಗ್ಲೂ ಹತ್ತು ಸಾವಿರದ ಮೇಲೇ ಕೂಗ್ತಿರುತ್ತೆ, ಅಲ್ಲಿ ಇದು ಸರಿ. ರೋಡಲ್ಲಿ ಓವರ್‌ಟೇಕ್ ಮಾಡೋವಾಗ ನೀವಿರೋದು ಐದಾರು ಸಾವಿರದಲ್ಲಿ, ಹೊಸದು ನಿಮಗೆ ಹೆಚ್ಚೇನೂ ಕೊಡಲ್ಲ.

ಬಿಸಿ ಬಗ್ಗೆ ಯಾರೋ ಕೇಳಿದ್ರು. ಎರಡರಲ್ಲೂ ಅದೇ 1103 ಸಿಸಿ ವಿ4, ಹಿಂದಿನ ಎರಡು ಸಿಲಿಂಡರ್ ನೇರವಾಗಿ ತೊಡೆ ಕೆಳಗಿದೆ. ನಿಂತಾಗ ಇಂಜಿನ್ ಬಿಸಿಯಾದ್ರೆ ಹಿಂದಿನ ಸಾಲನ್ನ ಆಫ್ ಮಾಡೋ ವ್ಯವಸ್ಥೆ 2018ರಿಂದ್ಲೇ ಇದೆ, ಅದು ಸಹಾಯ ಮಾಡುತ್ತೆ, ಆದ್ರೆ ಸುಡೋದು ಸುಡುತ್ತೆ. ಹೊಸ ಡಿಸೈನ್ ಅಂತ ತೊಡೆ ತಣ್ಣಗಿರುತ್ತೆ ಅಂದ್ಕೊಂಡು ಗಾಡಿ ಬದಲಾಯಿಸ್ಬೇಡಿ.

ವಿಂಗ್ (ಗಾಳಿಯಿಂದ ಬೈಕನ್ನ ಕೆಳಕ್ಕೆ ಒತ್ತೋ ರೆಕ್ಕೆ) ಬಗ್ಗೆ ಬೈದೋರ ಪರ ನಾನು ಅರ್ಧ ಇದೀನಿ. ಗಾಳಿ ಒತ್ತೋ ಬಲ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, 240ರಲ್ಲಿ ಸಿಗೋದ್ರಲ್ಲಿ ಕಾಲು ಭಾಗ ಮಾತ್ರ 120ರಲ್ಲಿ ಸಿಗೋದು. ಉದ್ದ ಸ್ಟ್ರೇಟ್ ಇರೋ ಟ್ರ್ಯಾಕಲ್ಲಿ ಥ್ರಾಟಲ್ ಕೊಟ್ಟಾಗ ಮುಂದಿನ ವೀಲ್ ಕೆಳಗೆ ಇಟ್ಟುಕೊಳ್ಳೋಕೆ ಅದು ಕೆಲ್ಸ ಮಾಡುತ್ತೆ. ಟ್ರಾಫಿಕ್ಕಲ್ಲಿ ಅದು ಮದ್ವೆ ಮನೆ ಬಾಗಿಲಿಗೆ ಕಟ್ಟಿದ ತೋರಣ, ಚೆಂದಕ್ಕೆ ಅಷ್ಟೇ. ಮುಖ ಮಾತ್ರ ನನಗೆ ಹಿಡಿಸ್ತು, ತೆಳ್ಳಗಿನ ಹೆಡ್‌ಲೈಟು 916 ನೆನಪಿಸುತ್ತೆ, ಹಿಂದಿನ ಮಾಡೆಲ್ಲಿನ ಮುಖಕ್ಕಿಂತ ಶುದ್ಧವಾಗಿದೆ. ಹಿಂಭಾಗ ಎಡದಿಂದ ನೋಡಿದ್ರೆ ಸರಿಯಾಗೇ ಇದೆ, ಬಲದಿಂದ ನೋಡಿದ್ರೆ ಹೌದು, ಬೇರೆ ಯಾವ ಬೈಕೋ ಅನ್ಸುತ್ತೆ. ಅದನ್ನ ಒಪ್ಪಿಕೊಳ್ಳೋದ್ರಲ್ಲಿ ನಾಚಿಕೆ ಏನು.

ಇಲ್ಲಿ ಒಬ್ರು ಬಿಎಂಡಬ್ಲ್ಯೂ ಎಸ್1000ಆರ್‌ಆರ್ ಉದಾಹರಣೆ ಕೊಟ್ಟಿದ್ರು, ಅದು ಸರಿಯಾದ ಉದಾಹರಣೆ. 2009ರಿಂದ ಇದ್ದ ಒಂದು ಕಣ್ಣು ಚಿಕ್ಕದು ಒಂದು ಕಣ್ಣು ದೊಡ್ಡದು ಮುಖವನ್ನ 2019ರ ಮಾಡೆಲ್‌ನಲ್ಲಿ ತೆಗೆದು ಎರಡೂ ಕಣ್ಣು ಸಮ ಮಾಡಿದಾಗ್ಲೂ ಗುರುತೇ ಹೋಯ್ತು ಅಂತ ಇದೇ ಥರ ಕೂಗಾಡಿದ್ರು. ಆ ಗಾಡಿ ತೂಕ 208ರಿಂದ 197 ಕೆಜಿಗೆ ಇಳಿದಿತ್ತು, ವಾಲ್ವ್ ತೆರೆಯೋ ರೀತಿ ಬದಲಾಯಿಸೋ ಶಿಫ್ಟ್‌ಕ್ಯಾಮ್ ಬಂದಿತ್ತು, ಓಡ್ಸಿದ ಮೇಲೆ ಮುಖದ ಮಾತು ತಾನಾಗೇ ನಿಂತೋಯ್ತು.

ಟ್ರ್ಯಾಕ್ ಡೇ ಲೆಕ್ಕ ಬೇರೆ. ನೀವು ನಿಜಕ್ಕೂ ಟೈರ್ ಅಂಚಿನವರೆಗೂ ಸವೆಸೋರಾಗಿದ್ರೆ, ಕಾರ್ನರ್ ಮಧ್ಯದಲ್ಲಿ ಮುಂದಿನ ಟೈರ್ ಏನು ಹೇಳ್ತಿದೆ ಅಂತ ಹಳೇ ಗಾಡೀಲಿ ಸರಿಯಾಗಿ ಕೇಳಿಸ್ತಿಲ್ಲ ಅನ್ನೋ ದೂರು ನಿಮಗಿದ್ರೆ, ಹೊಸದನ್ನ ಒಂದ್ಸಲ ಓಡ್ಸಿ ನೋಡ್ಲೇಬೇಕು. ಎರಡೂ ಓಡಿಸಿರೋದ್ರಿಂದ ಹೇಳ್ತಿದೀನಿ, ಕಾರ್ನರ್‌ನಿಂದ ಆಚೆ ಬರೋವಾಗ ಥ್ರಾಟಲ್ ಕೊಡೋ ಧೈರ್ಯ ಹೊಸದ್ರಲ್ಲಿ ಮೊದ್ಲೇ ಬರುತ್ತೆ, ಬೈಕ್ ಹೊರಕ್ಕೆ ದಬ್ಬಲ್ಲ, ಹೇಳಿದ ಲೈನ್ ಹಿಡಿಯುತ್ತೆ. ಬ್ರೇಕಲ್ಲಿ ಬಂದಿರೋ ರೇಸ್ ಇಸಿಬಿಎಸ್ ಕೂಡ ನಮ್ಮಂಥ ಸಾಮಾನ್ಯ ಕೈಗೆ ಉಪಯೋಗ, ನೀವು ಮುಂದಿನ ಬ್ರೇಕ್ ಮಾತ್ರ ಹಿಡಿದ್ರೂ ಅದು ಹಿಂದಿನದ್ದನ್ನ ಬೇಕಾದಷ್ಟು ತಾನೇ ಹಾಕುತ್ತೆ. ಫುಟ್‌ಪೆಗ್ 10 ಎಂಎಂ ಒಳಕ್ಕೆ ಬಂದಿದೆ, ಟ್ಯಾಂಕು ಸೀಟು ಹಿಂದಕ್ಕಿಂತ ವಿಶಾಲ, ಎತ್ತರ ಇರೋರಿಗೆ ಇದು ಎಲ್ಲಕ್ಕಿಂತ ಮೊದ್ಲು ಗೊತ್ತಾಗೋ ಬದಲಾವಣೆ. ನಾನಾಗಿದ್ರೆ ಆರ್ಮ್‌ಗಿಂತ ಮುಂಚೆ ಇದನ್ನ ಬರೀತಿದ್ದೆ, ಆದ್ರೆ ಇದ್ರ ಮೇಲೆ ಜಗಳ ಆಡೋಕಾಗಲ್ವಲ್ಲ.

ಸ್ಕ್ರೀನ್ 6.9 ಇಂಚು ಆಗಿದೆ, ಚೆನ್ನಾಗಿ ಕಾಣುತ್ತೆ, ಮೆನು ಮಾತ್ರ ಆಳ. ಮೊದ್ಲೇ ಮನೇಲಿ ನಿಲ್ಸಿ ಒಂದೊಂದೇ ನೋಡಿ ನಿಮ್ ಮೋಡ್ ಸೆಟ್ ಮಾಡ್ಕೊಳ್ಳಿ, ಪಿಟ್ ಲೇನಲ್ಲಿ ಗ್ಲೌಸ್ ಹಾಕ್ಕೊಂಡು ಹುಡುಕೋಕೆ ಹೋಗ್ಬೇಡಿ.

ಗ್ಯಾರೇಜ್ ವಿಷ್ಯ ಯಾರೂ ಎತ್ತಲೇ ಇಲ್ಲ, ಅದನ್ನೂ ಹೇಳ್ಬಿಡ್ತೀನಿ. ಹಿಂದಿನ ವೀಲ್ ಎತ್ತಿ ನಿಲ್ಸೋ ನಿಮ್ ಹಳೇ ಪ್ಯಾಡಾಕ್ ಸ್ಟ್ಯಾಂಡ್ ಪಿನ್ ತೂರಿಸೋ ಥರದ್ದು, ಹೊಸದಕ್ಕೆ ಆಗಲ್ಲ, ಆರ್ಮ್‌ಗೆ ಹಾಕೋ ಬಾಬಿನ್ ಗುಂಡಿ ಹಿಡಿದು ಎತ್ತೋ ಮಾಮೂಲಿ ಸ್ಟ್ಯಾಂಡ್ ಬೇಕು. ಟ್ರ್ಯಾಕ್‌ಗೆ ಅಂತ ಇಟ್ಟಿರೋ ಎರಡನೇ ಹಿಂದಿನ ರಿಮ್ ಕೂಡ ಕೂರಲ್ಲ, ಎಕ್ಸ್‌ಚೇಂಜ್ ಲೆಕ್ಕ ಹಾಕೋವಾಗ ಇವನ್ನೂ ಸೇರಿಸ್ಕೊಳ್ಳಿ. ಚೈನ್ ಅಡ್ಜಸ್ಟ್ ಮಾಡೋ ರೀತಿನೂ ಬೇರೆ, ಹಳೇದ್ರಲ್ಲಿ ಹಬ್ ತಿರುಗಿಸಿದ್ರೆ ಚೈನ್ ಬಿಗಿಯಾಗೋದು, ಜೊತೆಗೆ ಹಿಂದಿನ ಎತ್ತರನೂ ಒಂಚೂರು ಬದಲಾಗ್ತಿತ್ತು, ವೀಲ್ ಮಾತ್ರ ಯಾವತ್ತೂ ನೇರಾನೇ ಇರ್ತಿತ್ತು. ಹೊಸದ್ರಲ್ಲಿ ಎರಡೂ ಕಡೆ ಸಮ ಇದ್ಯಾ ಅಂತ ನೀವೇ ನೋಡ್ಬೇಕು, ಒಂದು ಕಡೆ ಜಾಸ್ತಿ ಎಳೆದ್ರೆ ವೀಲ್ ಓರೆ ಆಗಿ ಸ್ಪ್ರಾಕೆಟ್ ತಿನ್ನುತ್ತೆ.

ಒಟ್ನಲ್ಲಿ ನಿಮ್ ಜಾಗದಲ್ಲಿ ನಾನಿದ್ರೆ 2022 ಇಟ್ಕೊಳ್ತೀನಿ. ಒಳ್ಳೆ ಟೈರ್ ಹಾಕ್ಸಿ, ಸಸ್ಪೆನ್ಷನ್ ತಿಳಿದೋರ ಹತ್ರ ನಿಮ್ ತೂಕಕ್ಕೆ ಸ್ಪ್ರಿಂಗು, ಸ್ಯಾಗು (ನೀವು ಕೂತಾಗ ಸಸ್ಪೆನ್ಷನ್ ಕುಗ್ಗೋ ಅಳತೆ) ಸರಿ ಮಾಡ್ಸಿ, ಕೈ ಕಾಲು ನೋಯ್ತಿದ್ರೆ ಹೊಂದಿಸ್ಬಹುದಾದ ಫುಟ್‌ಪೆಗ್ ಹಾಕ್ಸಿ. ಇಷ್ಟಾದ ಮೇಲೂ ಟ್ರ್ಯಾಕಲ್ಲಿ ಗಾಡಿ ನಿಮ್ಮನ್ನ ತಡೀತಿದೆ ಅನ್ಸಿದ್ರೆ ಆಗ ಹೊಸದನ್ನ ನೋಡಿ. ಮುಖ ನೋಡಿ ಮನಸ್ಸು ಸೋತಿದ್ರೆ ಅದೂ ಒಂದು ಕಾರಣನೇ, ನಾನೇನು ಬೇಡ ಅನ್ನಲ್ಲ, ಆದ್ರೆ ಬೇಗ ಹೋಗ್ತೀನಿ ಅನ್ನೋ ನೆಪ ಹೇಳ್ಬೇಡಿ.

ಕೆಳಗೆ ಇನ್ನೊಬ್ರು ಹೊಸದು ಬಂತಲ್ಲ, ಹಳೇ ವಿ4 ಸೆಕೆಂಡ್ ಹ್ಯಾಂಡ್ ತಗೊಳ್ಬಹುದಾ ಅಂತ ಕೇಳಿದಾರೆ. ಸಿಂಗಲ್ ಆರ್ಮ್ ಮೇಲೆ ಪ್ರೀತಿ ಇದ್ರೆ ಇದೇ ಸಮಯ. 2018, 2019ರ ಸಾಮಾನ್ಯ ವಿ4 ಮತ್ತು ಎಸ್‌ಗೆ ವಿಂಗ್ ಇಲ್ಲ, ಫ್ರೇಮ್ ಹೆಚ್ಚು ಗಡಸು, 2020ರಲ್ಲಿ ವಿಂಗ್ ಬಂತು, ಮುಂದಿನ ಫ್ರೇಮ್ ಮೆದು ಮಾಡಿದ್ರು, ಹಾಗಾಗಿ ಆಗೋದಾದ್ರೆ 2020 ಇಲ್ಲಾ ಆಮೇಲಿನದ್ದು ನೋಡಿ. 2022ರಲ್ಲಿ ಮೊದಲ ಗೇರ್ ಉದ್ದ ಮಾಡಿದಾರೆ, ನಿಧಾನ ಟ್ರಾಫಿಕ್ಕಲ್ಲಿ ಕ್ಲಚ್ ಜಾಸ್ತಿ ಜಾರಿಸ್ಬೇಕಾಗುತ್ತೆ, ಬರೀ ರೋಡಿಗಾದ್ರೆ 2020, 2021 ವಾಸಿ. ನೋಡೋಕೆ ಹೋದಾಗ ಸ್ಟೀರಿಂಗ್ ಸ್ಟಾಪರ್ ಹತ್ರ ಗುದ್ದಿದ ಗುರುತು ಇದ್ಯಾ, ಫೇರಿಂಗ್ ಬೋಲ್ಟ್‌ಗಳಿಗೆ ಲಾಕ್ ವೈರ್ ಕಟ್ಟೋ ತೂತು ಕೊರೆದಿದಾರಾ, ಫೋರ್ಕ್ ಪೈಪಲ್ಲಿ ಗೀರು ಇದ್ಯಾ ನೋಡಿ, ಇವೆಲ್ಲ ಟ್ರ್ಯಾಕಲ್ಲಿ ಬಿದ್ದೆದ್ದ ಗಾಡಿಯ ಲಕ್ಷಣ. ಎಸ್ ಆಗಿದ್ರೆ ಕೀ ಆನ್ ಮಾಡಿ ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಎರರ್ ಬರುತ್ತಾ ನೋಡಿ. 24,000 ಕಿಮೀಗೆ ಡೆಸ್ಮೊ (ಡುಕಾಟಿ ಇಂಜಿನ್ನಿನ ವಾಲ್ವ್ ವ್ಯವಸ್ಥೆ) ವಾಲ್ವ್ ಚೆಕ್ ಬರುತ್ತೆ, ಓಡಿರೋದು ಅದರ ಹತ್ರ ಇದ್ರೆ ಮಾಡ್ಸಿರೋ ಬಿಲ್ ಕೇಳಿ, ಇಲ್ಲಾಂದ್ರೆ ಆ ಖರ್ಚು ನಿಮ್ ತಲೆ ಮೇಲೆ ಅಂತ ಲೆಕ್ಕ ಹಾಕಿ ಚೌಕಾಸಿ ಮಾಡಿ. ಕೊನೆಗೆ ಚಾಸಿ ನಂಬರ್ ಕೊಟ್ಟು ಸರ್ವೀಸ್ ಸೆಂಟರ್‌ನಲ್ಲಿ ರೀಕಾಲ್ ಕೆಲ್ಸ ಏನಾದ್ರೂ ಬಾಕಿ ಇದ್ಯಾ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.