ಡೂನಾದಲ್ಲಿ ಪ್ಯಾರಾಚೂಟ್ ಏಕೆ ಸಾಲುವುದಿಲ್ಲ?

ಪ್ರಶ್ನೆ: ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಬಾಹ್ಯಾಕಾಶ ನೌಕೆ ಹಾರಿಸುವ ಆಟದಲ್ಲಿ ಭೂಮಿಯಂತಿರುವ ಕರ್ಬಿನ್ ಗ್ರಹದ ಮೇಲೆ ಸುರಕ್ಷಿತವಾಗಿ ಇಳಿಯುವ ನನ್ನ ನೌಕೆ, ಅದೇ ಪ್ಯಾರಾಚೂಟ್‌ಗಳಿದ್ದರೂ ಮಂಗಳದಂತಿರುವ ಡೂನಾ ಗ್ರಹದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಕಾರಣವೇನು?

ಉತ್ತರ: ಡೂನಾದ ಗುರುತ್ವ ಕರ್ಬಿನ್‌ನ ಸುಮಾರು 0.3ರಷ್ಟಿದೆ, ನಿಜ, ಆದರೆ ಅಲ್ಲಿನ ವಾಯುಒತ್ತಡ ಕರ್ಬಿನ್‌ನ 15ರಲ್ಲಿ ಒಂದು ಪಾಲು ಮಾತ್ರ. ಗುರುತ್ವ ಇಳಿದುದಕ್ಕಿಂತ ಗಾಳಿ ಹೆಚ್ಚು ತೆಳುವಾಗಿರುವುದರಿಂದ, ಪ್ಯಾರಾಚೂಟ್ ಪೂರ್ಣವಾಗಿ ಅರಳಿದ ಮೇಲೂ ನೌಕೆಯ ವೇಗ ಲ್ಯಾಂಡಿಂಗ್ ಕಾಲುಗಳು ತಾಳಿಕೊಳ್ಳುವ ಮಟ್ಟಕ್ಕೆ ಇಳಿಯದೇ ಹೋಗಬಹುದು.

ಇದಕ್ಕಿಂತ ಹೆಚ್ಚು ಜನರನ್ನು ಕೆಡಿಸುವುದು ಎತ್ತರದ ಲೆಕ್ಕ. ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವ ಎತ್ತರವನ್ನು ಗ್ರಹದ ಶೂನ್ಯಮಟ್ಟದಿಂದ ಅಳೆಯಲಾಗುತ್ತದೆಯೇ ಹೊರತು ಕೆಳಗಿರುವ ನೆಲದಿಂದಲ್ಲ. ಡೂನಾದ ಎತ್ತರದ ಪ್ರದೇಶಗಳಲ್ಲಾದರೋ, ಇನ್ನೂ ಹಲವು ಸಾವಿರ ಮೀಟರ್ ಬಾಕಿಯಿದೆ ಎಂದು ಅಂಕಿ ತೋರಿಸುತ್ತಿರುವಾಗಲೇ ನೆಲ ಎದುರಾಗುತ್ತದೆ. ಆದ್ದರಿಂದ ತಗ್ಗಾದ, ಸಮತಟ್ಟಾದ ಜಾಗವನ್ನು ಆರಿಸಿಕೊಳ್ಳಿ, ಏಕೆಂದರೆ ಗಾಳಿ ಹೆಚ್ಚು ದಟ್ಟವಾಗಿರುವುದೂ ಅಲ್ಲಿಯೇ. ಆಟದ ಸೆಟ್ಟಿಂಗ್‌ನಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಬೇಕಾದ ಕನಿಷ್ಠ ವಾಯುಒತ್ತಡವನ್ನು ತಗ್ಗಿಸಿ, ಪೂರ್ಣವಾಗಿ ಅರಳುವ ಎತ್ತರವನ್ನು 1000 ಮೀಟರ್‌ಗಿಂತ ಮೇಲಕ್ಕೆ ಏರಿಸಿ.

ಕೊನೆಯ ಕೆಲವು ನೂರು ಮೀಟರ್‌ಗಳನ್ನು ಎಂಜಿನ್‌ಗೇ ಬಿಡುವುದು ಲೇಸು. ಪ್ಯಾರಾಚೂಟ್‌ಗಳನ್ನು ಪೇರಿಸುತ್ತಾ ಹೋಗುವುದು, ನನ್ನ ಮಟ್ಟಿಗೆ, ಮೊಂಡುತನವೇ ಸರಿ. ನೆಲದ ಒತ್ತಡ ಭೂಮಿಯ ಶೇಕಡ 1ಕ್ಕಿಂತಲೂ ಕಡಿಮೆಯಿರುವ ಮಂಗಳದಲ್ಲಿ, 2012ರಲ್ಲಿ ಇಳಿದ ನಾಸಾದ ಕ್ಯೂರಿಯಾಸಿಟಿ ರೋವರ್ ಕೂಡ ಮೊದಲು ಶಾಖಕವಚ, ಬಳಿಕ ಪ್ಯಾರಾಚೂಟ್, ಕಡೆಗೆ ರಾಕೆಟ್ ಎಂಬ ಕ್ರಮವನ್ನೇ ಅನುಸರಿಸಿತು.