ಆಯ್ಕೆಯ ಗೇಮ್‌ಗಳಲ್ಲಿ ನಮ್ಮ ಆಯ್ಕೆಯಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ?

ನೀವು ಕೇಳಿರುವುದು ಎರಡು ವಿಷಯ. ಅಪರೂಪಕ್ಕೆ ಗೇಮ್ ಆಡುವವರು ಕಥೆ ಮತ್ತು ಆಯ್ಕೆಯ ಗೇಮ್‌ಗಳನ್ನು ಎಲ್ಲಿಂದ ಶುರು ಮಾಡಬೇಕು? ಏನನ್ನು ಆರಿಸಿದರೂ ಕಥೆ ಒಂದೇ ಕಡೆ ಹೋಗುತ್ತಿದೆ ಅನ್ನಿಸುವುದೇಕೆ? ಎರಡನೆಯದನ್ನೇ ಮೊದಲು ಹೇಳುತ್ತೇನೆ.

ಲೆಕ್ಕ ಹಾಕಿ ನೋಡಿ. ಎರಡೆರಡು ದಾರಿಯ ಹತ್ತು ಆಯ್ಕೆಗಳಿದ್ದು, ಕವಲುಗಳು ಎಲ್ಲೂ ಮತ್ತೆ ಸೇರದಿದ್ದರೆ 1,024 ಅಂತ್ಯಗಳು ಬೇಕು. ಪ್ರತಿಯೊಂದಕ್ಕೂ ಸಂಭಾಷಣೆ, ಧ್ವನಿ, ಅನಿಮೇಷನ್ ಎಲ್ಲ ಆಗಬೇಕು. ಅದು ಆಗುವ ಕೆಲಸವಲ್ಲ. ಹಾಗಾಗಿ ಕಥೆ ಕವಲೊಡೆದು, ಸ್ವಲ್ಪ ದೂರ ಸಾಗಿ, ಮತ್ತೆ ಒಂದೇ ಹಾದಿಗೆ ಬಂದು ಸೇರುತ್ತದೆ. ಆದರೆ ನೀವು ಮಾಡಿದ್ದನ್ನೆಲ್ಲ ಗೇಮ್ ಒಳಗೇ ಗುರುತು ಹಾಕಿಕೊಂಡಿರುತ್ತದೆ. 2012ರ ‘ದಿ ವಾಕಿಂಗ್ ಡೆಡ್’ನಲ್ಲಿ ‘ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ’ ಎಂಬ ಸಾಲು ಆಗಾಗ ಪರದೆಯ ಮೇಲೆ ಬರುತ್ತದಲ್ಲ, ಅದನ್ನು ಕಂಡು ಕಥೆಯೇ ತಿರುಗಿಬಿಟ್ಟಿತು ಎಂದುಕೊಳ್ಳಬೇಡಿ. ಆ ಮಗುವಿನ ಜೊತೆಗಿನ ನಿಮ್ಮ ಸಂಬಂಧಕ್ಕೆ ಒಂದು ಎಳೆ ಸೇರಿತು, ಅಷ್ಟೇ. ಈ ಗೇಮ್‌ಗಳ ಜೀವ ಇರುವುದೇ ಅಲ್ಲಿ.

ಮೊದಲ ಗೇಮ್ ಆಗಿ ನಾನು ಹೇಳುವುದು 2015ರ ‘ಲೈಫ್ ಈಸ್ ಸ್ಟ್ರೇಂಜ್’. ಐದು ಕಂತುಗಳಿವೆ, ಬೆರಳಿನ ಚುರುಕು ಬೇಕಾಗುವುದು ಕಡಿಮೆ. ನಾಯಕಿ ಮ್ಯಾಕ್ಸ್ ಸಮಯವನ್ನು ಹಿಂದಕ್ಕೆ ತಿರುಗಿಸಬಲ್ಲಳು, ಆದ್ದರಿಂದ ಒಂದು ಉತ್ತರ ಕೊಟ್ಟು, ಎದುರಿನವರ ಪ್ರತಿಕ್ರಿಯೆ ನೋಡಿ, ಹಿಂದೆ ಬಂದು ಇನ್ನೊಂದನ್ನು ಪ್ರಯತ್ನಿಸಬಹುದು. ಪರದೆಯ ಮೂಲೆಯಲ್ಲಿ ಚಿಟ್ಟೆ ಕಂಡರೆ ಆ ಆಯ್ಕೆಗೆ ಮುಂದೆ ಪರಿಣಾಮವಿದೆ ಎಂದರ್ಥ. ಆ ಜಾಗ ಬಿಟ್ಟು ಹೊರಟ ಮೇಲೆ ಮಾತ್ರ ಹಿಂದಕ್ಕೆ ತಿರುಗಿಸಲಾಗದು; ಬಾಗಿಲು ದಾಟುವ ಮುನ್ನವೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಅದಾದ ಮೇಲೆ 2018ರ ‘ಡೆಟ್ರಾಯಿಟ್: ಬಿಕಮ್ ಹ್ಯೂಮನ್’. ಇದರ ಮೊದಲ ಅಧ್ಯಾಯವೇ ಒಳ್ಳೆಯ ಪಾಠ. ಬಾಲ್ಕನಿಯಲ್ಲಿ ಒಂದು ಆಂಡ್ರಾಯ್ಡ್, ಅಂದರೆ ಮನುಷ್ಯರಂತೆ ಕಾಣುವ ರೋಬೋ, ಪುಟ್ಟ ಹುಡುಗಿಯನ್ನು ಒತ್ತೆಯಾಗಿ ಹಿಡಿದು ನಿಂತಿದೆ, ನೀವು ಆಡಿಸುವ ಪಾತ್ರ ಕಾನರ್ ಹೋಗಿ ಮಾತಾಡಬೇಕು. ಗಾಬರಿಯಲ್ಲಿ ನೇರ ಬಾಲ್ಕನಿಗೆ ಹೋದರೆ ಆಡಲು ಮಾತೇ ಇರುವುದಿಲ್ಲ. ಮೊದಲು ಮನೆಯೊಳಗೆ ಸುತ್ತಾಡಿ. ಹುಡುಗಿಯ ಟ್ಯಾಬ್ಲೆಟ್‌ನಲ್ಲಿ ಆ ಆಂಡ್ರಾಯ್ಡಿನ ಹೆಸರು ಸಿಗುತ್ತದೆ, ತಂದೆಯ ಟ್ಯಾಬ್ಲೆಟ್‌ನಲ್ಲಿ ಅದರ ಸಿಟ್ಟಿಗೆ ಕಾರಣ. ಒಂದೊಂದು ಸುಳಿವು ಸಿಕ್ಕಾಗಲೂ ಯಶಸ್ಸಿನ ಸಾಧ್ಯತೆ ಶೇಕಡಾವಾರು ಏರುವುದು ಪರದೆಯಲ್ಲೇ ಕಾಣುತ್ತದೆ. ನೆಲದ ಮೇಲೆ ಒದ್ದಾಡುವ ಮೀನನ್ನು ಎತ್ತಿ ತೊಟ್ಟಿಗೆ ಬಿಡುವುದೂ ಒಂದು ಆಯ್ಕೆಯೇ, ಯಾರೂ ನಿಮ್ಮನ್ನು ಕೇಳದ ಆಯ್ಕೆ. ಅಧ್ಯಾಯ ಮುಗಿದಾಗ ಕವಲುಗಳ ನಕ್ಷೆ ತೆರೆದುಕೊಂಡು, ನೀವು ಹೋಗದ ದಾರಿಗಳು ಬೀಗ ಹಾಕಿದ ಚೌಕಗಳಾಗಿ ಕಾಣುತ್ತವೆ. ಶುರುವಿನಲ್ಲಿ ‘ಕ್ಯಾಶುವಲ್’ ಮಟ್ಟ ಆರಿಸಿ, ಬಟನ್ ಒತ್ತುವ ದೃಶ್ಯಗಳು ಸುಲಭವಾಗುತ್ತವೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಮಾತಿನ ಗಡುವಿನಲ್ಲಿ. ಉತ್ತರಗಳ ಹತ್ತಿರ ಉಳಿದ ಸಮಯ ತೋರಿಸುವ ಗೆರೆ ಕರಗುತ್ತಿದ್ದರೆ, ಸುಮ್ಮನಿದ್ದರೂ ಅದು ಉತ್ತರವೆಂದೇ ದಾಖಲಾಗುತ್ತದೆ. ಆದ್ದರಿಂದ ಆಟ ಶುರುವಾಗುವ ಮೊದಲೇ ಸಬ್‌ಟೈಟಲ್ ಹಾಕಿ, ಅಕ್ಷರ ದೊಡ್ಡದು ಮಾಡಲು ಬಂದರೆ ಮಾಡಿ. ಇನ್ನೊಂದು ತೊಡಕು, ಬಟನ್ ಮೇಲಿನ ಒಂದು ಪದ ಮತ್ತು ಪಾತ್ರ ನಿಜವಾಗಿ ಆಡುವ ಮಾತು ಬೇರೆಬೇರೆಯಾಗುವುದು. 2011ರ ‘ಎಲ್.ಎ. ನ್ವಾರ್’ನಲ್ಲಿ ‘ಅನುಮಾನ’ ಎಂದು ಒತ್ತಿದರೆ ಪತ್ತೇದಾರ ಸಾಕ್ಷಿಯ ಮೇಲೆ ಕೂಗಾಡಿಬಿಡುತ್ತಿದ್ದ. 2017ರ ಆವೃತ್ತಿಯಲ್ಲಿ ಆ ಬಟನ್‌ಗಳ ಹೆಸರನ್ನೇ ಬದಲಿಸಿದರು. ಇಂಥ ಕಡೆ ಪದದ ಅರ್ಥಕ್ಕಿಂತ ಅದರ ಧಾಟಿಯನ್ನು ಊಹಿಸಿ ಒತ್ತಿ.

ತಪ್ಪಾಯಿತೆಂದು ಹಳೆಯ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ, ಮರಳುವ ಅಭ್ಯಾಸವನ್ನು ಮೊದಲ ಸಲ ದಯವಿಟ್ಟು ಬಿಡಿ. 2015ರ ‘ಅಂಟಿಲ್ ಡಾನ್’ ಆ ಅವಕಾಶವನ್ನೇ ಕೊಡುವುದಿಲ್ಲ. ಅದು ತಾನೇ ಸೇವ್ ಮಾಡಿಕೊಳ್ಳುತ್ತದೆ, ಅದರ ಎಂಟು ಮುಖ್ಯ ಪಾತ್ರಗಳಲ್ಲಿ ಯಾರು ಸತ್ತರೂ ಕಥೆ ಮುಂದೆ ಸಾಗುತ್ತದೆ. 2019ರ ‘ಡಿಸ್ಕೊ ಎಲಿಸಿಯಮ್’ನಲ್ಲಂತೂ ಸೋಲಿನ ದೃಶ್ಯಗಳನ್ನೂ ಅಷ್ಟೇ ಅಕ್ಕರೆಯಿಂದ ಬರೆದಿದ್ದಾರೆ. ಅಲ್ಲಿ ಪಾತ್ರದ ಕೌಶಲದ ಪರೀಕ್ಷೆ ಬಂದಾಗ ಗೆಲುವು ಸೋಲು ತೀರ್ಮಾನಿಸಲು ಎರಡು ದಾಳ ಉರುಳುತ್ತವೆ. ಬಿಳಿ ಪರೀಕ್ಷೆಯಲ್ಲಿ ಸೋತರೆ ಆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಬರಬಹುದು, ಕೆಂಪಿಗೆ ಒಂದೇ ಅವಕಾಶ. ಓದುವುದು ಬಹಳ ಇದೆ, ಅದನ್ನು ಮೂರನೆಯದಾಗಿ ಇಟ್ಟುಕೊಳ್ಳಿ.

‘ಲೈಫ್ ಈಸ್ ಸ್ಟ್ರೇಂಜ್’ನ ಪ್ರತಿ ಕಂತಿನಲ್ಲೂ ತೆಗೆಯಬೇಕಾದ ಹತ್ತು ಫೋಟೋಗಳು ತಪ್ಪಿಹೋದರೆ ಚಿಂತೆ ಬೇಡ. ಅವನ್ನು ಹುಡುಕಲೆಂದೇ ಬೇರೆ ಮೋಡ್ ಇದೆ, ಅದರಲ್ಲಿ ಎಷ್ಟು ಆಡಿದರೂ ನಿಮ್ಮ ಆಯ್ಕೆಗಳು ಇದ್ದ ಹಾಗೇ ಇರುತ್ತವೆ.